ಪಿಯಾನೋ ಅಭ್ಯಾಸ: ಕಲಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಪಿಯಾನೋ ಕಲಿಯುತ್ತಿರುವವರು, ಕಲಿಯಬೇಕು ಅಂದುಕೊಂಡವರು, ಮಕ್ಕಳಿಗೆ ಕಲಿಸುತ್ತಿರುವವರು ಮಾತಿನಲ್ಲೋ ಪತ್ರದಲ್ಲೋ ಪದೇ ಪದೇ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಎಲ್ಲವನ್ನೂ ಸಾಲಾಗಿ ಓದಬೇಕಿಲ್ಲ, ಬೇಕಾದ್ದಕ್ಕೆ ನೇರ ಹೋಗಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆರಳಿಗಿಂತ ಕಿವಿಗೆ ಜಾಸ್ತಿ ಕೆಲಸ ಕೊಡಬೇಕು ಅನ್ನುವವರ ಪೈಕಿ ನಾನು. ಉತ್ತರಗಳೂ ಅದೇ ಕಡೆ ವಾಲುತ್ತವೆ.

## ಶುರು ಮಾಡುವವರಿಗೆ

ನನಗೆ ನಲವತ್ತು ದಾಟಿದೆ. ಈಗ ಶುರು ಮಾಡಿದ್ರೆ ಬರುತ್ತಾ?

ಬರುತ್ತದೆ. ಮಕ್ಕಳಿಗೆ ಸಮಯ ಇರುತ್ತದೆ, ತಪ್ಪಿದರೆ ನಾಚಿಕೆ ಇರುವುದಿಲ್ಲ. ದೊಡ್ಡವರಿಗೆ ಹೇಳಿದ್ದು ಬೇಗ ತಿಳಿಯುತ್ತದೆ, ತಮ್ಮ ತಪ್ಪನ್ನು ತಾವೇ ಹುಡುಕಿಕೊಳ್ಳುವುದೂ ಗೊತ್ತಿರುತ್ತದೆ. ತೊಂದರೆ ಇರುವುದು ಬೇರೆ ಕಡೆ. ದೊಡ್ಡವರ ಕಿವಿ ಒಳ್ಳೆಯ ಸಂಗೀತ ಕೇಳಿ ಕೇಳಿ ಪಳಗಿರುತ್ತದೆ, ಕೈ ಮಾತ್ರ ಒಂದನೇ ತರಗತಿಯಲ್ಲಿರುತ್ತದೆ. ತಾವು ನುಡಿಸಿದ್ದು ತಮಗೇ ಹಿಡಿಸುವುದಿಲ್ಲ. ಬಿಟ್ಟುಬಿಡೋಣ ಅನ್ನಿಸುವುದು ಇದಕ್ಕೇ. ಮೊದಲ ವರ್ಷ ಈ ಅಂತರ ಇದ್ದೇ ಇರುತ್ತದೆ ಅಂತ ಒಪ್ಪಿಕೊಂಡು ಕೂತವರು ಮುಂದೆ ಹೋಗುತ್ತಾರೆ.

ಮನೇಲಿ 61 ಕೀ ಇರೋ ಕೀಬೋರ್ಡ್ ಇದೆ. ಅದರಲ್ಲೇ ಕಲೀಬಹುದಾ?

ಮೊದಲ ಕೆಲವು ತಿಂಗಳಿಗೆ ಧಾರಾಳವಾಗಿ ಸಾಕು. ಪೂರ್ತಿ ಪಿಯಾನೋದಲ್ಲಿ 88 ಕೀಗಳು, 52 ಬಿಳಿ ಮತ್ತು 36 ಕಪ್ಪು. ಆದರೆ ಆರಂಭದ ಪಾಠಗಳೆಲ್ಲ ನಡುವಿನ ಮೂರು ನಾಲ್ಕು ಆಕ್ಟೇವ್‌ನಲ್ಲೇ (ಒಂದು ಸ್ವರದಿಂದ ಅದೇ ಹೆಸರಿನ ಮುಂದಿನ ಸ್ವರದವರೆಗಿನ ಹರವು ಒಂದು ಆಕ್ಟೇವ್) ಮುಗಿಯುತ್ತವೆ.

ಕೀಗಳು ಎಷ್ಟಿವೆ ಅನ್ನುವುದಕ್ಕಿಂತ ಅವುಗಳಿಗೆ ತೂಕ ಇದೆಯಾ ಅನ್ನುವುದು ಮುಖ್ಯ. ಪಿಯಾನೋದಲ್ಲಿ ಕೀ ಒತ್ತಿದರೆ ಒಳಗೊಂದು ಸುತ್ತಿಗೆ ಚಿಮ್ಮಿ ಹೋಗಿ ತಂತಿಗೆ ಬಡಿಯುತ್ತದೆ. ಕೀ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರ್, ಅಷ್ಟೇ. ಆ ಚೂರು ದಾರಿಯಲ್ಲಿ ಬೆರಳು ಎಷ್ಟು ವೇಗವಾಗಿ ಇಳಿಯಿತು ಅನ್ನುವುದರ ಮೇಲೆ ದನಿ ಮೆಲ್ಲಗೋ ಜೋರೋ ತೀರ್ಮಾನವಾಗುತ್ತದೆ. ಹಗುರ ಕೀಗಳಲ್ಲಿ ಈ ಹದ ಬೆರಳಿಗೆ ಸಿಗುವುದಿಲ್ಲ. ಡಿಜಿಟಲ್ ಪಿಯಾನೋ ಕೊಳ್ಳುವುದಾದರೆ 88 ಕೀ, ಹ್ಯಾಮರ್ ಆಕ್ಷನ್ (ಸುತ್ತಿಗೆಯ ತೂಕ ಬೆರಳಿಗೆ ಸಿಗುವ ಕೀ), ಒಂದು ಗಟ್ಟಿ ಪೆಡಲ್ ನೋಡಿಕೊಳ್ಳಿ. ನೂರಾರು ವಾದ್ಯಗಳ ದನಿ ಇದೆ ಅನ್ನುವ ಆಸೆಗೆ ಬೀಳಬೇಡಿ.

ಹೇಗೆ ಕೂರಬೇಕು? ಬೆನ್ನು ಹಿಡಿದುಕೊಳ್ಳುತ್ತೆ.

ಬೆಂಚಿನ ಮುಂದಿನ ಅರ್ಧದಲ್ಲಿ ಕೂರಿ. ಪಾದ ಪೂರ್ತಿ ನೆಲಕ್ಕೆ ತಾಗಿರಲಿ. ಮೊಣಕೈ ಕೀಗಳ ಮಟ್ಟದಲ್ಲೋ ಕೂದಲೆಳೆ ಮೇಲೋ ಇರಬೇಕು. ಊಟದ ಮೇಜಿನ ಕುರ್ಚಿ ಸಾಮಾನ್ಯವಾಗಿ ತಗ್ಗಾಗುತ್ತದೆ, ಆಗ ಭುಜ ತಾನಾಗೇ ಮೇಲೇರುತ್ತದೆ, ನೋವು ಅಲ್ಲಿಂದ ಶುರು. ಕಾಲು ನೆಲ ಮುಟ್ಟದ ಮಕ್ಕಳಿಗೆ ಕೆಳಗೊಂದು ಮಣೆ ಹಾಕಿ.

ಕೀಗಳ ಮೇಲೆ ಅಕ್ಷರದ ಸ್ಟಿಕ್ಕರ್ ಅಂಟಿಸಬಹುದಾ?

ಬೇಡ. ಕಪ್ಪು ಕೀಗಳನ್ನು ನೋಡಿ: ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು. ಎರಡರ ಗುಂಪಿನ ಎಡಕ್ಕೆ ತಾಗಿರುವ ಬಿಳಿ ಕೀ ಸಿ, ಮೂರರ ಗುಂಪಿನ ಎಡಕ್ಕಿರುವುದು ಎಫ್. ಇವೆರಡು ಗೊತ್ತಾದರೆ ಉಳಿದವು ಒಂದು ವಾರದ ಕೆಲಸ. ಸ್ಟಿಕ್ಕರ್ ಅಂಟಿಸಿದರೆ ಕಣ್ಣು ಕೈಯನ್ನು ಬಿಟ್ಟು ಮೇಲೇಳುವುದೇ ಇಲ್ಲ.

## ಅಭ್ಯಾಸದ ಹೊತ್ತು

ದಿನಕ್ಕೆ ಎಷ್ಟು ಹೊತ್ತು ಪ್ರಾಕ್ಟೀಸ್ ಮಾಡಬೇಕು?

ಶುರುವಿನಲ್ಲಿ ದಿನಾ ಇಪ್ಪತ್ತು ನಿಮಿಷ. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಇವತ್ತು ಕಲಿತದ್ದನ್ನು ಮೆದುಳು ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ರಾತ್ರಿ ಬರದೇ ಇದ್ದ ಸಾಲು ಬೆಳಿಗ್ಗೆ ತಾನಾಗೇ ಬಂದುಬಿಡುವುದು ನುಡಿಸುವವರಿಗೆಲ್ಲ ಗೊತ್ತು. ವಾರಕ್ಕೊಂದೇ ದಿನ ಕೂತರೆ ಅಂಥ ರಾತ್ರಿ ಒಂದೇ ಸಿಗುತ್ತದೆ.

ಗಂಟೆ ದಾಟಿದ ಮೇಲೆ ಎದ್ದು ಓಡಾಡಿ. ಕಿವಿ ದಣಿದ ಮೇಲೆ ಬೆರಳು ಸುಮ್ನೆ ಓಡುತ್ತಿರುತ್ತದೆ, ತಪ್ಪುಗಳೂ ಅದರ ಜೊತೆ ಅಭ್ಯಾಸವಾಗುತ್ತವೆ.

ದಿನಾ ಪೂರ್ತಿ ಪೀಸ್ ಹತ್ತು ಸಲ ನುಡಿಸ್ತೀನಿ. ಆದ್ರೂ ಅದೇ ಜಾಗದಲ್ಲಿ ತಪ್ಪುತ್ತೆ. ಯಾಕೆ?

ಹತ್ತು ಸಲ ನುಡಿಸಿದಾಗ ಹತ್ತು ಸಲವೂ ಆ ಜಾಗದಲ್ಲಿ ತಪ್ಪಿದ್ದೀರಿ, ಅದಕ್ಕೆ. ಕೈಗೆ ಸರಿ ತಪ್ಪು ಗೊತ್ತಿಲ್ಲ. ಮಾಡಿಸಿದ್ದನ್ನು ಕಲಿಯುತ್ತದೆ. ಬರುವ ಭಾಗಗಳನ್ನೇ ಮತ್ತೆ ಮತ್ತೆ ನುಡಿಸಿದ್ದರಿಂದ ಅವು ಇನ್ನೂ ಚೆನ್ನಾದವು. ಬರದ ಎರಡು ಬಾರ್‌ಗೆ (ನೋಟೇಷನ್‌ನಲ್ಲಿ ಎರಡು ಉದ್ದ ಗೆರೆಗಳ ನಡುವಿನ ತುಂಡು ಒಂದು ಬಾರ್) ಸಿಕ್ಕಿದ್ದು ಬರೀ ಕೆಲವು ಸೆಕೆಂಡು.

ಮೊದಲಿಂದ ಕೊನೆಯವರೆಗೆ ನುಡಿಸುವುದು ತಪ್ಪೇನಲ್ಲ, ಖುಷಿಗೆ ನುಡಿಸಿ. ಅದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ, ಅಷ್ಟೇ. ಅಭ್ಯಾಸ ಅಂದರೆ ತಪ್ಪಿದ ಜಾಗದಲ್ಲಿ ನಿಂತು ಯಾಕೆ ತಪ್ಪಿತು ಅಂತ ಹುಡುಕುವುದು. ಕಾರಣ ಸಾಮಾನ್ಯವಾಗಿ ತಪ್ಪಿದ ಸ್ವರದಲ್ಲಿ ಇರುವುದಿಲ್ಲ, ಅದರ ಹಿಂದಿನ ಸ್ವರದಲ್ಲೋ ಅದಕ್ಕೂ ಹಿಂದಿನದರಲ್ಲೋ ಇರುತ್ತದೆ. ಬೆರಳು ಮುಗಿದುಹೋಗಿರುತ್ತದೆ, ಕೈ ತಡವಾಗಿ ಹೊರಟಿರುತ್ತದೆ, ಇಲ್ಲವೇ ಕಣ್ಣು ಇನ್ನೊಂದು ಕೈಯ ಮೇಲಿರುತ್ತದೆ.

ಒಂದನ್ನು ಹತ್ತಿರದಿಂದ ನೋಡೋಣ. ವಾಲ್ಟ್ಸ್ ಲಯದ ಪೀಸ್, ಅಂದರೆ ಪ್ರತಿ ಬಾರ್‌ಗೆ ಮೂರು ಬೀಟ್ (ಎಣಿಕೆ). ಎಡಗೈ ಮೊದಲ ಬೀಟ್‌ಗೆ ಕೆಳಗಿನ ಸಿ ನುಡಿಸಿ, ಎರಡನೇ ಬೀಟ್‌ಗೆ ಒಂದು ಆಕ್ಟೇವ್‌ಗಿಂತ ಜಾಸ್ತಿ ಮೇಲೆ ಹಾರಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿಯಬೇಕು. ಕಾರ್ಡ್ ತಪ್ಪುತ್ತಿದೆ. ಕಾರ್ಡನ್ನೇ ಇಪ್ಪತ್ತು ಸಲ ಒತ್ತಿದರೆ ಏನೂ ಆಗುವುದಿಲ್ಲ, ಕಾರ್ಡ್ ನಿಮಗೆ ಬರುತ್ತದೆ. ಬರದೇ ಇರುವುದು ಹಾರಾಟ. ಹೀಗೆ ಮಾಡಿ: ಸಿ ನುಡಿಸಿ, ತಕ್ಷಣ ಹಾರಿ ಕಾರ್ಡಿನ ಕೀಗಳ ಮೇಲೆ ಬೆರಳಿಡಿ, ಆದರೆ ಒತ್ತಬೇಡಿ. ನಿಲ್ಲಿ. ಮೂರೂ ಬೆರಳು ಸರಿಯಾದ ಕೀ ಮೇಲಿವೆಯಾ ನೋಡಿ. ಆಮೇಲೆ ಒತ್ತಿ. ಹಾರುವುದು ವೇಗವಾಗಿರಲಿ, ಕಾಯುವುದು ನಿಧಾನವಾಗಿರಲಿ. ದಿನ ಕಳೆದಂತೆ ಕಾಯುವ ಹೊತ್ತು ಕಡಿಮೆ ಮಾಡುತ್ತಾ ಬನ್ನಿ. ಕೊನೆಗೆ ಕಾಯುವುದೇ ಉಳಿಯುವುದಿಲ್ಲ.

ಆ ಜಾಗ ಸರಿಯಾದ ಮೇಲೆ ಒಂದು ಬಾರ್ ಹಿಂದಿನಿಂದ ಹಿಡಿದು, ಮುಂದಿನ ಬಾರ್‌ನ ಮೊದಲ ಸ್ವರದವರೆಗೆ ನುಡಿಸಿ. ಬೆಸುಗೆ ಅಲ್ಲೇ ಬಿಟ್ಟುಕೊಳ್ಳುವುದು.

ನಿಧಾನಕ್ಕೆ ನುಡಿಸಿ ಅಂತಾರೆ. ಎಷ್ಟು ನಿಧಾನ?

ಮುಂದಿನ ಸ್ವರ ಯಾವುದು, ಯಾವ ಬೆರಳು ಅಂತ ಕೀ ಒತ್ತುವ ಮೊದಲೇ ಗೊತ್ತಿರುವಷ್ಟು ನಿಧಾನ. ಒತ್ತಿದ ಮೇಲೆ ಗೊತ್ತಾದರೆ ವೇಗ ಜಾಸ್ತಿಯಾಯಿತು. ಆದರೆ ನಿಧಾನದಲ್ಲೇ ಇದ್ದುಬಿಡಬೇಡಿ. ನಿಧಾನಕ್ಕೆ ನುಡಿಸುವಾಗ ಬೆರಳನ್ನು ಎತ್ತೆತ್ತಿ ಹಾಕುತ್ತೇವೆ, ವೇಗದಲ್ಲಿ ಅಷ್ಟೆಲ್ಲ ಚಲನೆಗೆ ಜಾಗವಿಲ್ಲ. ಹಾಗಾಗಿ ನಾಲ್ಕೈದು ಸ್ವರದ ತುಂಡುಗಳನ್ನು ಆಗಾಗ ಪೂರ್ತಿ ವೇಗದಲ್ಲೂ ನುಡಿಸಿ ನೋಡಬೇಕು.

ಮನೇಲಿ ಚೆನ್ನಾಗಿ ಬರುತ್ತೆ, ಟೀಚರ್ ಮುಂದೆ ಕೂತರೆ ಎಲ್ಲಾ ಹಾಳಾಗುತ್ತೆ.

ಮನೆಯಲ್ಲಿ ಚೆನ್ನಾಗಿ ಬಂದದ್ದು ಎಷ್ಟನೇ ಸಲ? ಆರನೆಯದೋ ಏಳನೆಯದೋ ಆಗಿರುತ್ತದೆ. ಟೀಚರ್ ಮುಂದೆ ಸಿಗುವುದು ಮೊದಲನೆಯದು ಮಾತ್ರ. ಆ ಮೊದಲನೆಯದನ್ನೇ ಅಭ್ಯಾಸ ಮಾಡಿ. ದಿನದಲ್ಲಿ ಯಾವಾಗಲಾದರೂ ಪಿಯಾನೋ ಪಕ್ಕ ಹಾದುಹೋಗುವಾಗ ಕೂತು, ಕೈ ಬಿಸಿ ಮಾಡಿಕೊಳ್ಳದೆ, ಕಷ್ಟದ ಸಾಲನ್ನು ಒಂದೇ ಸಲ ನುಡಿಸಿ ಎದ್ದುಬಿಡಿ. ತಪ್ಪಿದರೂ ಎರಡನೇ ಸಲ ಇಲ್ಲ. ಆಗ ಬಂದದ್ದೇ ನಿಮ್ಮ ನಿಜವಾದ ಮಟ್ಟ.

ಅಭ್ಯಾಸದಲ್ಲೂ ಒಂದೇ ತುಂಡನ್ನು ಅರ್ಧ ಗಂಟೆ ಜಗಿಯುವ ಬದಲು ಮೂರು ತುಂಡುಗಳನ್ನು ಅದಲು ಬದಲು ಮಾಡಿ. ಆಗ ಕೈ ಎಡವುತ್ತದೆ, ಏನೂ ಬರುತ್ತಿಲ್ಲ ಅನ್ನಿಸುತ್ತದೆ. ಆದರೆ ಮಾರನೇ ದಿನ ನಿಲ್ಲುವುದು ಹೀಗೆ ಕಲಿತದ್ದೇ.

ಮಗಳು ಕ್ಲಾಸಿಗೆ ಖುಷಿಯಾಗಿ ಹೋಗ್ತಾಳೆ, ಮನೇಲಿ ಪ್ರಾಕ್ಟೀಸಿಗೆ ಮಾತ್ರ ಕೂರಲ್ಲ.

"ಹೋಗಿ ಪ್ರಾಕ್ಟೀಸ್ ಮಾಡು" ಅಂದರೆ ಏನು ಮಾಡಬೇಕು ಅಂತ ಆ ಮಗುವಿಗೆ ಗೊತ್ತಿರುವುದಿಲ್ಲ. "ಎರಡನೇ ಸಾಲನ್ನು ಎಡಗೈಯಲ್ಲಿ ಮಾತ್ರ ನುಡಿಸಿ ತೋರಿಸು ಪುಟ್ಟಿ" ಅನ್ನಿ. ಪಕ್ಕದಲ್ಲಿ ಕೂತು ಕೇಳಿ. ತಪ್ಪು ಎಣಿಸಬೇಡಿ, ಆ ಕೆಲಸಕ್ಕೆ ಟೀಚರ್ ಇದ್ದಾರೆ. ಚಿಕ್ಕ ಮಕ್ಕಳಿಗೆ ಹತ್ತು ನಿಮಿಷ ಸಾಕು.

## ಕೈ, ಬೆರಳು

ಪುಸ್ತಕದಲ್ಲಿರೋ ಫಿಂಗರಿಂಗ್ ಬಿಟ್ಟು ನನಗೆ ಬಂದ ಹಾಗೆ ನುಡಿಸಿದ್ರೆ ಏನಾಗುತ್ತೆ?

ಫಿಂಗರಿಂಗ್ ಅಂದರೆ ಯಾವ ಸ್ವರಕ್ಕೆ ಯಾವ ಬೆರಳು ಅನ್ನುವ ಗುರುತು, ಹೆಬ್ಬೆರಳು 1, ಕಿರುಬೆರಳು 5. ಬೇರೆ ಫಿಂಗರಿಂಗ್ ಇರಬಹುದು, ದಿನಕ್ಕೊಂದು ಇರಬಾರದು. ಇವತ್ತು ಮೂರನೇ ಬೆರಳು, ನಾಳೆ ಎರಡನೆಯದು ಅಂದರೆ ಕೈಗೆ ಪ್ರತಿ ದಿನವೂ ಹೊಸ ಪೀಸ್. ಬಲಗೈಯಲ್ಲಿ ಸಿ ಮೇಜರ್ ಸ್ಕೇಲ್ (ಸಿ ಇಂದ ಮುಂದಿನ ಸಿವರೆಗೆ ಬಿಳಿ ಕೀಗಳ ಏರಿಕೆ) 1-2-3-1-2-3-4-5 ಅಂತ ಇರುವುದಕ್ಕೆ ಕಾರಣ ಇದೆ. ಬೆರಳು ಐದು, ಸ್ವರ ಎಂಟು, ಎಲ್ಲೋ ಒಂದು ಕಡೆ ಹೆಬ್ಬೆರಳು ಕೆಳಗಿನಿಂದ ನುಸುಳಲೇಬೇಕು. ಎಫ್ ಮೇಜರ್‌ನಲ್ಲಿ ನಾಲ್ಕನೇ ಸ್ವರ ಬಿ ಫ್ಲ್ಯಾಟ್, ಕಪ್ಪು ಕೀ. ಅಲ್ಲಿಗೆ ಗಿಡ್ಡ ಹೆಬ್ಬೆರಳು ಹೋಗುವುದು ಒರಟು. ಅದಕ್ಕೇ ಅಲ್ಲಿ 1-2-3-4-1-2-3-4. ಮುದ್ರಿತ ಫಿಂಗರಿಂಗನ್ನು ಮೊದಲು ಪ್ರಾಮಾಣಿಕವಾಗಿ ನುಡಿಸಿ ನೋಡಿ. ನಿಮ್ಮ ಕೈಗೆ ಒಗ್ಗದಿದ್ದರೆ ಬದಲಿಸಿ, ಬದಲಿಸಿದ್ದನ್ನು ಪೆನ್ಸಿಲ್‌ನಲ್ಲಿ ಬರೆದಿಡಿ.

ಸ್ಕೇಲ್ ನುಡಿಸೋದು ಬೋರು. ಬಿಟ್ರೆ ಆಗಲ್ವಾ?

ಬಿಡಬೇಡಿ, ಆದರೆ ಸಿ ಮೇಜರ್‌ನಲ್ಲೇ ಕೊಳೆಯಬೇಡಿ. ಅದು ಓದುವುದಕ್ಕೆ ಸುಲಭ, ಕೈಗೆ ಸುಲಭವಲ್ಲ. ಪಿಯಾನೋ ಸಂಗೀತದ ದೊಡ್ಡ ರಚನಕಾರ ಶೋಪಾನ್ ತನ್ನ ಶಿಷ್ಯರಿಗೆ ಬಿ ಮೇಜರ್ ಮೊದಲು ಹೇಳಿಕೊಡುತ್ತಿದ್ದ, ಸಿ ಮೇಜರನ್ನು ಕೊನೆಗೆ ಇಡುತ್ತಿದ್ದ. ಬಲಗೈಯನ್ನು ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ ಮೇಲೆ ಇಟ್ಟು ನೋಡಿ. ಉದ್ದದ ಮೂರು ಬೆರಳು ಕಪ್ಪು ಕೀಗಳ ಮೇಲೆ, ಗಿಡ್ಡ ಎರಡು ಬಿಳಿ ಕೀಗಳ ಮೇಲೆ. ಕೈ ಹೇಗಿದೆಯೋ ಹಾಗೇ ಕೂರುತ್ತದೆ ಅಲ್ವಾ? ಸ್ಕೇಲ್‌ಗೆ ಐದೇ ನಿಮಿಷ ಕೊಡಿ, ಪ್ರತಿ ಸಲ ಒಂದು ಕೆಲಸ ಇಟ್ಟುಕೊಳ್ಳಿ: ಒಮ್ಮೆ ಮೆಲ್ಲಗಿನಿಂದ ಜೋರಿಗೆ, ಒಮ್ಮೆ ಬಲಗೈ ಜೋರು ಎಡಗೈ ಮೆಲ್ಲಗೆ.

ಉಂಗುರದ ಬೆರಳು ಏಳೋದೇ ಇಲ್ಲ. ಅದಕ್ಕೆ ಬಲ ಬರೋ ವ್ಯಾಯಾಮ ಇದ್ಯಾ? ಸ್ವಲ್ಪ ನೋವೂ ಇದೆ.

ನೋವಿದ್ದರೆ ಮೊದಲು ನಿಲ್ಲಿಸಿ. ನೋವಿನ ಮೇಲೆ ನುಡಿಸಿದರೆ ಕೈ ಗಟ್ಟಿಯಾಗುವುದಿಲ್ಲ. ಕೆಲವು ದಿನದ ವಿಶ್ರಾಂತಿಗೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಉಂಗುರದ ಬೆರಳನ್ನು ಎತ್ತುವ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳದ್ದಕ್ಕೆ ಹಿಂಗೈಯಲ್ಲಿ ಕಟ್ಟಿಕೊಂಡಿದೆ. ಅದು ಒಂಟಿಯಾಗಿ ಜಾಸ್ತಿ ಏಳುವುದಿಲ್ಲ, ಯಾರ ಕೈಯಲ್ಲೂ. ಕೀ ಒತ್ತುವುದಕ್ಕೆ ಅಷ್ಟು ಎತ್ತಬೇಕಾಗಿಯೂ ಇಲ್ಲ. ಆ ಬೆರಳು ಕೀ ಒತ್ತುವಾಗ ಮಣಿಕಟ್ಟು ಕೂದಲೆಳೆಯಷ್ಟು ಅದರ ಕಡೆ ಸರಿಯಲಿ, ತೋಳಿನ ತೂಕ ಅದರ ಹಿಂದೆ ನಿಲ್ಲಲಿ. ಸಂಗೀತ ರಚನಕಾರ ರಾಬರ್ಟ್ ಶೂಮನ್ ಇಪ್ಪತ್ತರ ಹರೆಯದಲ್ಲೇ ಬಲಗೈ ಕೆಡಿಸಿಕೊಂಡು ಪಿಯಾನೋ ವಾದಕನಾಗುವ ಆಸೆ ಬಿಡಬೇಕಾಯಿತು. ಅವನು ಬೆರಳಿಗೆ ಕಸರತ್ತು ಮಾಡಿಸುವ ಒಂದು ಸಾಧನ ಬಳಸುತ್ತಿದ್ದ. ಕಾರಣ ಅದೇನಾ ಅನ್ನುವುದರ ಬಗ್ಗೆ ಇನ್ನೂ ವಾದ ಇದೆ. ಏನೇ ಇರಲಿ, ಬೆರಳಿಗೆ ಸ್ಪ್ರಿಂಗು, ರಬ್ಬರು ಕಟ್ಟುವ ಸಾಮಾನುಗಳಿಂದ ದೂರ ಇರಿ.

## ಲಯ, ಓದು, ಕಿವಿ

ಮೆಟ್ರೊನೋಮ್ ಹಾಕಿದ ತಕ್ಷಣ ಗೊಂದಲ ಆಗುತ್ತೆ.

ಗೊಂದಲ ಮೊದಲೇ ಇತ್ತು, ಮೆಟ್ರೊನೋಮ್ (ಟಿಕ್ ಟಿಕ್ ಅಂತ ಸಮ ಲಯ ಹಾಕುವ ಸಾಧನ) ತೋರಿಸಿತು. ಕೀ ಮುಟ್ಟದೆ ಶುರು ಮಾಡಿ. 60ಕ್ಕೆ ಇಡಿ, ಅಂದರೆ ಸೆಕೆಂಡಿಗೊಂದು ಬೀಟ್. ಬಾಯಲ್ಲಿ ಜೋರಾಗಿ ಎಣಿಸುತ್ತಾ ಪೀಸಿನ ಲಯವನ್ನು ಚಪ್ಪಾಳೆಯಲ್ಲಿ ಹಾಕಿ. ಅದು ಸರಿಹೋದ ಮೇಲೆ ಒಂದು ಕೈ, ಆಮೇಲೆ ಎರಡೂ.

ಪಳಗಿದ ಮೇಲೆ ಅದರಿಂದ ಸಹಾಯ ಕಡಿಮೆ ಮಾಡಿಕೊಳ್ಳುತ್ತಾ ಹೋಗಿ. ಬೀಟಿಗೊಂದು ಸದ್ದಿನ ಬದಲು ಬಾರ್‌ಗೊಂದು, ಆಮೇಲೆ ಎರಡು ಬಾರ್‌ಗೊಂದು. ನಡುವಿನ ಖಾಲಿ ಜಾಗದಲ್ಲಿ ಲಯ ಹಿಡಿಯುವವರು ನೀವೇ. ದಿನವಿಡೀ ಟಿಕ್ ಟಿಕ್ ಹಾಕಿಕೊಂಡು ನುಡಿಸುವವರಿಗೆ ಅದು ನಿಂತ ಕೂಡಲೇ ಲಯ ತಪ್ಪುತ್ತದೆ.

ನೋಟೇಷನ್ ಓದೋದು ಒಂದೊಂದೇ ಅಕ್ಷರ ಕೂಡಿಸಿ ಓದಿದ ಹಾಗೆ ಆಗುತ್ತೆ.

ಪ್ರತಿ ಸ್ವರದ ಹೆಸರು ಹುಡುಕುತ್ತಿದ್ದೀರಿ, ಅದಕ್ಕೆ. ಮೂರು ಗುರುತು ಗಟ್ಟಿ ಮಾಡಿಕೊಳ್ಳಿ. ಟ್ರೆಬಲ್ ಕ್ಲೆಫ್ (ಮೇಲಿನ ಸಾಲಿನ ಶುರುವಿನ ಸುರುಳಿ ಗುರುತು) ಸುತ್ತಿಕೊಳ್ಳುವ ಗೆರೆ, ಅಂದರೆ ಕೆಳಗಿನಿಂದ ಎರಡನೆಯದು, ಜಿ. ಬಾಸ್ ಕ್ಲೆಫ್‌ನ (ಕೆಳಗಿನ ಸಾಲಿನ ಶುರುವಿನ ಗುರುತು) ಎರಡು ಚುಕ್ಕೆಗಳ ನಡುವಿನ ಗೆರೆ ಎಫ್. ಎರಡು ಸಾಲುಗಳ ನಡುವಿನ ಚಿಕ್ಕ ಗೆರೆ ಮಿಡಲ್ ಸಿ. ಉಳಿದದ್ದನ್ನು ಸ್ವರಗಳ ನಡುವಿನ ದೂರ ನೋಡಿ ಓದಿ: ಗೆರೆಯಿಂದ ಪಕ್ಕದ ಜಾಗಕ್ಕೆ ಹೋದರೆ ಪಕ್ಕದ ಕೀ, ಗೆರೆಯಿಂದ ಗೆರೆಗೆ ಹೋದರೆ ನಡುವೆ ಒಂದು ಕೀ ಬಿಟ್ಟು.

ದಿನಾ ಐದು ನಿಮಿಷ, ನಿಮ್ಮ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿನ, ಮೊದಲು ನೋಡಿರದ ಪೀಸ್ ನುಡಿಸಿ. ನಿಯಮ ಒಂದೇ: ನಿಲ್ಲಬಾರದು, ಹಿಂದೆ ಹೋಗಬಾರದು. ತಪ್ಪಿದರೆ ತಪ್ಪಲಿ. ಕಣ್ಣು ಯಾವಾಗಲೂ ಕೈಗಿಂತ ಒಂದು ಬೀಟ್ ಮುಂದಿರಬೇಕು. ಒಮ್ಮೆ ನುಡಿಸಿದ ಪೀಸ್ ನಾಳೆಗೆ ಹಳತು, ಬೇರೆ ತೆಗೆದುಕೊಳ್ಳಿ.

ಹಾಡು ಕೇಳಿ ಹಾಗೇ ನುಡಿಸ್ತಾರಲ್ಲ ಕೆಲವರು, ಅದು ಹುಟ್ಟಿನಿಂದ ಬರೋದಾ?

ಕೇಳಿದ ಸ್ವರದ ಹೆಸರನ್ನು ಥಟ್ಟನೆ ಹೇಳುವ ಶಕ್ತಿ ಕೆಲವರಿಗೆ ಇರುತ್ತದೆ. ಆದರೆ ಹಾಡು ಕೇಳಿ ನುಡಿಸುವುದಕ್ಕೆ ಅದು ಬೇಡ. ಬೇಕಾಗಿರುವುದು ಎರಡು ಸ್ವರಗಳ ನಡುವಿನ ದೂರ ಕೇಳಿಸುವುದು, ಅದು ಕಲಿತರೆ ಬರುತ್ತದೆ.

ಚೆನ್ನಾಗಿ ಗೊತ್ತಿರುವ ಸಣ್ಣ ಹಾಡೊಂದನ್ನು ಬಾಯಲ್ಲಿ ಹೇಳಿ. ಎಲ್ಲಿ ಬಂದು ನಿಂತರೆ ಮುಗಿಯಿತು ಅನ್ನಿಸುತ್ತದೋ ಆ ಸ್ವರವನ್ನು ಸಿ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಹಾಡಿನ ಮೊದಲ ಸ್ವರ ಮೇಲಿದೆಯಾ ಕೆಳಗಿದೆಯಾ, ಎಷ್ಟು ದೂರ? ಹಾಡಿ, ಹುಡುಕಿ, ಒತ್ತಿ. ಹಾಡುವುದು ಮೊದಲು, ಒತ್ತುವುದು ಆಮೇಲೆ. ಕೀಗಳನ್ನು ತಡಕಾಡಿ ಹುಡುಕಿದರೆ ಹಾಡು ಸಿಗುತ್ತದೆ, ಕಿವಿ ಬೆಳೆಯುವುದಿಲ್ಲ. ರಾಗ ಸಿಕ್ಕ ಮೇಲೆ ಎಡಗೈಗೆ ಸಿ, ಎಫ್, ಜಿ ಕಾರ್ಡ್‌ಗಳು. ಈ ಮೂರರಲ್ಲಿ ಸಿ ಮೇಜರ್‌ನ ಏಳು ಸ್ವರಗಳೂ ಇವೆ. ಹಾಗಾಗಿ ಕಪ್ಪು ಕೀ ಇಲ್ಲದ ಸರಳ ಹಾಡಿನ ಯಾವ ಸ್ವರಕ್ಕಾದರೂ ಇವುಗಳಲ್ಲಿ ಒಂದಾದರೂ ಹೊಂದುತ್ತದೆ. ಯಾವುದು ಸರಿ ಅಂತ ಕಿವಿಯೇ ಹೇಳುತ್ತದೆ.

ಥಿಯರಿ ಕಲೀಲೇಬೇಕಾ?

ನುಡಿಸುತ್ತಿರುವ ಪೀಸ್‌ಗೆ ಬೇಕಾದಷ್ಟು. ಯಾವ ಸ್ಕೇಲ್‌ನಲ್ಲಿದೆ, ಪ್ರತಿ ಬಾರ್‌ನಲ್ಲಿ ಯಾವ ಕಾರ್ಡ್, ಎಲ್ಲಿ ಸ್ಕೇಲ್ ಬದಲಾಗುತ್ತದೆ, ಇಷ್ಟನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿದರೆ ಅರ್ಧ ಪೀಸ್ ಅಲ್ಲೇ ನೆನಪಾಗುತ್ತದೆ.

## ಸ್ವಲ್ಪ ಮುಂದೆ ಹೋದವರಿಗೆ

ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು. ಇದನ್ನು ಹೇಗೆ ಕೂಡಿಸೋದು?

ಎರಡು ಬೇರೆ ಲಯ ಅಂತ ನೋಡಬೇಡಿ, ಎರಡೂ ಕೈ ಸೇರಿ ನುಡಿಸುವ ಒಂದೇ ಲಯ ಅಂತ ನೋಡಿ. ಬೀಟನ್ನು ಆರು ಭಾಗ ಮಾಡಿ ಎಣಿಸಿ. ಬಲಗೈ 1, 3, 5ಕ್ಕೆ ಬೀಳುತ್ತದೆ. ಎಡಗೈ 1, 4ಕ್ಕೆ. ಸೇರಿಸಿದರೆ: 1ಕ್ಕೆ ಎರಡೂ, 3ಕ್ಕೆ ಬಲ, 4ಕ್ಕೆ ಎಡ, 5ಕ್ಕೆ ಬಲ. ಮೇಜಿನ ಮೇಲೆ ತೊಡೆಯ ಮೇಲೆ ತಟ್ಟುತ್ತಾ "ಎರಡೂ… ಬಲ-ಎಡ-ಬಲ" ಅಂತ ಹೇಳಿ. ಮೊದಲ ಏಟಿನ ನಂತರ ಚೂರು ಬಿಡುವು, ಆಮೇಲೆ ಮೂರು ಒತ್ತೊತ್ತಾಗಿ, ಮತ್ತೆ ಚೂರು ಬಿಡುವು. ಕೈಗೆ ಕೂತ ಮೇಲೆ ಎಣಿಕೆ ಬಿಟ್ಟು ವೇಗ ಹೆಚ್ಚಿಸಿ. ಆಮೇಲೆ ಬಲಗೈಯ ಮೂರನ್ನು ಮಾತ್ರ ಕೇಳಿ, ಮತ್ತೆ ಎಡಗೈಯ ಎರಡನ್ನು ಮಾತ್ರ. ಕಿವಿ ಬೇಕಾದ ಕಡೆ ತಿರುಗಿತು ಅಂದರೆ ಬಂತು ಅಂತ ಅರ್ಥ.

ಪೆಡಲ್ ಒತ್ತಿದ್ರೆ ಎಲ್ಲಾ ಕಲಸಿಹೋಗುತ್ತೆ, ಬಿಟ್ರೆ ಒಣಗಿದ ಹಾಗಿರುತ್ತೆ.

ಕಾಲನ್ನು ಕೈಯ ಜೊತೆಗೇ ಒತ್ತುತ್ತಿದ್ದೀರಿ. ಬಲಗಡೆಯ ಪೆಡಲ್ ತಂತಿಗಳ ಮೇಲಿನ ಡ್ಯಾಂಪರ್‌ಗಳನ್ನೆಲ್ಲ (ತಂತಿಯ ದನಿ ನಿಲ್ಲಿಸುವ ಮೆತ್ತೆಗಳು) ಎತ್ತುತ್ತದೆ. ಹೊಸ ಕಾರ್ಡ್ ಕೇಳಿಸುವ ಕ್ಷಣದಲ್ಲಿ ಕಾಲು ಮೇಲೆ ಬರಬೇಕು, ಹಳೆಯ ಕಾರ್ಡ್ ಸಾಯಬೇಕು, ಆಮೇಲೆ ಕಾಲು ಕೆಳಗೆ. ಕೈ ಇಳಿದಾಗ ಕಾಲು ಏಳುತ್ತದೆ. ಇದನ್ನು ಒಂದೇ ಬೆರಳಲ್ಲಿ ಕಲಿಯಿರಿ: ಸಿ, ಡಿ, ಇ, ಎಫ್ ಅಂತ ಕೈ ಎತ್ತಿ ಎತ್ತಿ ನುಡಿಸಿ, ಸ್ವರಗಳ ನಡುವೆ ಸಂದೂ ಇರಬಾರದು, ಎರಡು ಸ್ವರ ಒಟ್ಟಿಗೂ ಕೇಳಬಾರದು. ಕಾಲು ಯಾವಾಗ ಏಳಬೇಕು ಅಂತ ಪುಸ್ತಕದ ಗುರುತಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಪಿಯಾನೋದ ತೀರಾ ಮೇಲಿನ ಸುಮಾರು ಒಂದೂವರೆ ಆಕ್ಟೇವ್‌ಗೆ ಡ್ಯಾಂಪರೇ ಇಲ್ಲ, ಅಲ್ಲಿನ ಸ್ವರ ಉಳಿದುಕೊಂಡರೆ ಕಾಲಿನ ತಪ್ಪಲ್ಲ.

ನೆನಪಿನಿಂದ ನುಡಿಸುವಾಗ ನಡುವೆ ಮರೆತುಹೋದ್ರೆ ಮತ್ತೆ ಮೊದಲಿಂದಾನೇ ಶುರು ಮಾಡಬೇಕಾಗುತ್ತೆ.

ನಿಮ್ಮ ನೆನಪು ಬೆರಳಲ್ಲಿ ಮಾತ್ರ ಇದೆ. ಬೆರಳಿನ ನೆನಪು ಸರಪಳಿ ಇದ್ದ ಹಾಗೆ, ಒಂದು ಕೊಂಡಿ ಕಳಚಿದರೆ ಮುಂದಿನದು ಸಿಗುವುದಿಲ್ಲ. ಪೀಸಿನಲ್ಲಿ ಏಳೆಂಟು ಜಾಗಗಳಿಗೆ ನಂಬರ್ ಹಾಕಿ, ಯಾವ ನಂಬರ್ ಹೇಳಿದರೂ ಅಲ್ಲಿಂದ ಶುರು ಮಾಡುವುದನ್ನು ಕಲಿಯಿರಿ. ಕೊನೆಯ ಜಾಗದಿಂದ ಹಿಂದಕ್ಕೆ ಬನ್ನಿ. ಎಡಗೈ ಒಂದನ್ನೇ ನೆನಪಿನಿಂದ ನುಡಿಸಿ, ಬಹಳ ಮಂದಿ ಸಿಕ್ಕಿಬೀಳುವುದು ಇಲ್ಲೇ. ಪಿಯಾನೋದಿಂದ ದೂರ ಕೂತು ಕಣ್ಣು ಮುಚ್ಚಿ ಪೀಸ್ ಮನಸ್ಸಲ್ಲೇ ಓಡಿಸಿ. ಎಲ್ಲಿ ಮಸುಕಾಗುತ್ತದೋ ಅಲ್ಲೇ ವೇದಿಕೆಯಲ್ಲಿ ಮರೆಯುವುದು.

ಅಂದ ಹಾಗೆ, ನೆನಪಿನಿಂದಲೇ ನುಡಿಸಬೇಕು ಅನ್ನುವುದು 19ನೇ ಶತಮಾನದಲ್ಲಿ ಲಿಸ್ಟ್, ಕ್ಲಾರಾ ಶೂಮನ್ ಅಂಥ ಪಿಯಾನೋ ವಾದಕರಿಂದ ರೂಢಿಗೆ ಬಂದದ್ದು. ಸ್ವಿಯಾಟೊಸ್ಲಾವ್ ರಿಕ್ಟರ್ ಅಂಥ ದೊಡ್ಡ ವಾದಕರೇ ಕೊನೆಯ ವರ್ಷಗಳಲ್ಲಿ ಪುಸ್ತಕ ಎದುರಿಟ್ಟುಕೊಂಡು ನುಡಿಸುತ್ತಿದ್ದರು.

ಸ್ವರ, ಲಯ ಎಲ್ಲಾ ಸರಿ ಇದೆ. ಆದ್ರೂ ಮೆಷಿನ್ ನುಡಿಸಿದ ಹಾಗೆ ಕೇಳುತ್ತೆ. ಏನು ಮಾಡ್ಲಿ?

ಎರಡು ಕಡೆ ನೋಡಿ. ಒಂದು, ಕಾರ್ಡಿನ ಎಲ್ಲ ಸ್ವರಗಳೂ ಒಂದೇ ಜೋರಿನಲ್ಲಿ ಬೀಳುತ್ತಿರಬಹುದು. ರಾಗ ಸಾಮಾನ್ಯವಾಗಿ ಮೇಲಿನ ಸ್ವರದಲ್ಲಿರುತ್ತದೆ, ಅದು ಸಿಗುವುದು ಕಿರುಬೆರಳಿಗೆ. ಸಿ-ಇ-ಜಿ ಹಿಡಿದು ಜಿ ಮಾತ್ರ ಪೂರ್ತಿ ಒತ್ತಿ, ಉಳಿದ ಎರಡು ಕೀಗಳನ್ನು ಸದ್ದಾಗದಷ್ಟು ನಿಧಾನ ಇಳಿಸಿ. ಬಂದ ಮೇಲೆ ಆ ಎರಡಕ್ಕೂ ಪಿಸುಮಾತಿನಷ್ಟು ದನಿ ಕೊಡಿ. ಮೂರು ಬೆರಳು ಮೂರು ವೇಗದಲ್ಲಿ ಇಳಿಯುವುದು ಮೊದಮೊದಲು ಅಸಾಧ್ಯ ಅನ್ನಿಸುತ್ತದೆ. ಕೆಲವು ವಾರಗಳಲ್ಲಿ ಬರುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದ ಕುಗ್ಗುತ್ತಲೇ ಹೋಗುತ್ತದೆ. ಸುತ್ತಿಗೆ ಬಡಿದ ಮೇಲೆ ಅದನ್ನು ದೊಡ್ಡದು ಮಾಡಲು ಬೆರಳಿಗೆ ದಾರಿ ಇಲ್ಲ. ನಾಲ್ಕು ಬೀಟಿನ ಉದ್ದದ ಸ್ವರ ಕೊನೆಗೆ ಬರುವಷ್ಟರಲ್ಲಿ ಬಹಳ ಸಣ್ಣಗಾಗಿರುತ್ತದೆ. ಮುಂದಿನ ಸ್ವರವನ್ನು ಅದೇ ಮೊದಲಿನ ಜೋರಿನಲ್ಲಿ ಹೊಡೆದರೆ ರಾಗಕ್ಕೆ ಗುದ್ದು ಬಿದ್ದ ಹಾಗಾಗುತ್ತದೆ. ಉದ್ದದ ಸ್ವರದ ಬಾಲವನ್ನು ಕೊನೆಯವರೆಗೆ ಕೇಳಿ, ಅದು ಕುಗ್ಗಿ ನಿಂತ ಮಟ್ಟದಿಂದ ಮುಂದಿನದನ್ನು ಎತ್ತಿಕೊಳ್ಳಿ. ಆ ಸಾಲನ್ನು ಮೊದಲು ಬಾಯಲ್ಲಿ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ನುಡಿಸಿ ರೆಕಾರ್ಡ್ ಮಾಡಿ. ಎರಡನ್ನೂ ಮಾರನೇ ದಿನ ಕೇಳಿ. ನುಡಿಸಿದ ತಕ್ಷಣ ಕೇಳಿದರೆ ಕೈ ಪಟ್ಟ ಕಷ್ಟವೇ ಕಿವಿ ತುಂಬಿರುತ್ತದೆ. ಮಾರನೇ ದಿನಕ್ಕೆ ದನಿ ಮಾತ್ರ ಉಳಿದಿರುತ್ತದೆ. ಹಾಡಿದ್ದರಲ್ಲಿ ಎಲ್ಲಿ ಉಸಿರು ತೆಗೆದುಕೊಂಡಿದ್ದೀರೋ ಅಲ್ಲಿ ಪುಸ್ತಕದಲ್ಲಿ ಒಂದು ಅಲ್ಪವಿರಾಮ ಹಾಕಿ, ನುಡಿಸುವಾಗ ಅಲ್ಲಿ ಮಣಿಕಟ್ಟು ಮೇಲೇಳಲಿ.